ದುಡಿಮೆಗಾರನ ತೀರ್ಮಾನಾಧಿಕಾರ: ದಿನೇಶ್ ಬೀಡಿ ಸಂಘದ ಚರಿತ್ರೆಯಿಂದ ಕೆಲವು ಪುಟಗಳು

ನಮ್ಮ ಶಾಲೆಯ ದಾಖಲಾತಿ ಪುಸ್ತಕದಲ್ಲಿ ರಕ್ಷಕರ ಉದ್ಯೋಗವನ್ನು ಬರೆಯತಕ್ಕ ಅಂಕಣವೊಂದಿದೆ. ಅದನ್ನು ಮೇಲಿನಿಂದ ಕೆಳಕ್ಕೆ ಓದುತ್ತ ಹೋದರೆ ಕೃಷಿ, ಕೂಲಿ, ಬೀಡಿ ಎಂಬ ಮೂರು ಮಾತುಗಳೇ ಪುನಃ ಪುನಃ ಕಣ್ಣಿಗೆ ಬೀಳುತ್ತವೆ. ಕಾಸರಗೋಡು ಸೀಮೆಯಲ್ಲಿ ಪಾಠ ಹೇಳಿದ ಯಾವ ಅಧ್ಯಾಪಕರಿಗೂ ಇದು ಹೊಸ ಸಂಗತಿಯಲ್ಲ. ಇಪ್ಪತ್ತೈದು ಬೀಡಿಗೆ ಒಂದು ಕಟ್ಟು ಎಂಬ ಲೆಕ್ಕವನ್ನು ನಮ್ಮ ಮಕ್ಕಳು ಇಪ್ಪತ್ತೈದರ ಮಗ್ಗಿಗಿಂತ ಮೊದಲೇ ಕಲಿತು ಬರುತ್ತಾರೆ. ತಂಬಾಕಿನ ಕೆಡುಕನ್ನು ತರಗತಿಯಲ್ಲಿ ಬೋಧಿಸುವ ನಾವು, ಆ ತಂಬಾಕಿನಿಂದಲೇ ಕೊಂಡ ಪುಸ್ತಕವನ್ನು ತೆರೆಯಲು ಮಕ್ಕಳಿಗೆ ಹೇಳುತ್ತೇವೆ. ಈ ವಿಪರ್ಯಾಸವನ್ನು ಒಪ್ಪಿಕೊಂಡೇ ಈ ಲೇಖನಕ್ಕೆ ತೊಡಗಿದ್ದೇವೆ.

ನಮ್ಮ ವಿಷಯ ಬೀಡಿಯಲ್ಲ. ಕೆಲಸ ಮಾಡುವವನಿಗೆ ತನ್ನ ಕೆಲಸದ ವಿಷಯವಾಗಿ ನಡೆಯುವ ತೀರ್ಮಾನಗಳಲ್ಲಿ ಪಾಲು ಉಂಟೇ, ಉಂಟಾದರೆ ಅದು ಹೇಗೆ ಬರುತ್ತದೆ ಎಂಬುದು ವಿಷಯ. ಇದನ್ನು ವಿಚಾರಿಸಲು ದೂರದ ದೇಶಗಳಿಗೆ ಹೋಗಬೇಕಾದುದಿಲ್ಲ. ಚಂದ್ರಗಿರಿ ಹೊಳೆಯ ತೆಂಕಿಗೆ, ನೀಲೇಶ್ವರದಿಂದ ಕಣ್ಣೂರಿನವರೆಗಿನ ನೆಲದಲ್ಲಿ, ಬೀಡಿ ಕಟ್ಟುವವರು ತಾವೇ ಯಜಮಾನರಾಗಿ ನಡೆಸಿದ ಒಂದು ಉದ್ಯಮದ ಚರಿತ್ರೆ ಇದೆ. ಅದರ ಹುಟ್ಟಿಗೆ ಕಾರಣವಾದುದು ಬಡಗಿನ ಮಂಗಳೂರಿನ ಬೀಡಿ ವ್ಯಾಪಾರವೇ. ಆದುದರಿಂದ ಈ ಕಥೆಯಲ್ಲಿ ನಮ್ಮ ಗಡಿಸೀಮೆಯ ಎರಡು ಮಗ್ಗುಲೂ ಸೇರಿಕೊಂಡಿವೆ.

ಮೊದಲು ಸರಕಾರದ ಕಡೆಯ ಪ್ರಯತ್ನಗಳನ್ನು ಚುಟುಕಾಗಿ ಹೇಳಿಬಿಡುತ್ತೇವೆ. ಜೆಮ್‌ಶೆಡ್‌ಪುರದ ಉಕ್ಕಿನ ಕಾರ್ಖಾನೆಯಲ್ಲಿಯೂ ಮದರಾಸಿನ ಬಕಿಂಗ್‌ಹ್ಯಾಂ ಮತ್ತು ಕರ್ನಾಟಿಕ್ ಮಿಲ್ಲಿನಲ್ಲಿಯೂ 1920ರ ದಶಕದ ಆರಂಭದಲ್ಲಿಯೇ ಕಾರ್ಮಿಕರ ಸಮಿತಿಗಳು ಏರ್ಪಟ್ಟಿದ್ದವು. 1947ರ ಕೈಗಾರಿಕಾ ವಿವಾದ ಕಾಯಿದೆಯು, ನೂರು ಅಥವಾ ಅದಕ್ಕೆ ಮೇಲ್ಪಟ್ಟು ಮಂದಿ ದುಡಿಯುವ ಕಾರ್ಖಾನೆಗಳಲ್ಲಿ ಮಾಲಿಕರ ಪ್ರತಿನಿಧಿಗಳೂ ಅವರಿಗಿಂತ ಕಡಿಮೆಯಿಲ್ಲದ ಸಂಖ್ಯೆಯಲ್ಲಿ ಕೆಲಸಗಾರರ ಪ್ರತಿನಿಧಿಗಳೂ ಕುಳಿತುಕೊಳ್ಳುವ ಸಮಿತಿಯನ್ನು ರಚಿಸಬೇಕೆಂದು ಆಜ್ಞಾಪಿಸಲು ಸರಕಾರಗಳಿಗೆ ಅಧಿಕಾರವನ್ನು ಕೊಟ್ಟಿತು. 1958ರಲ್ಲಿ ಜಂಟಿ ಆಡಳಿತ ಮಂಡಲಿಗಳು ಬಂದವು. 1975ರಲ್ಲಿ ಇನ್ನೊಂದು ಯೋಜನೆ ಹೊರಟಿತು. 1976ರ ನಲವತ್ತೆರಡನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ 43ಎ ಎಂಬ ವಿಧಿ ಸೇರಿತು. ಉದ್ಯಮಗಳ ಆಡಳಿತದಲ್ಲಿ ಕೆಲಸಗಾರರು ಭಾಗವಹಿಸುವಂತೆ ರಾಜ್ಯವು ಕ್ರಮ ಕೈಗೊಳ್ಳತಕ್ಕದ್ದೆಂದು ಅದರ ತಾತ್ಪರ್ಯ. 1990ರಲ್ಲಿ ಮಂಡಿಸಲಾದ ಮಸೂದೆ ಕಾಯಿದೆಯಾಗಲೇ ಇಲ್ಲ. ಇಷ್ಟೆಲ್ಲ ಕಾಗದ ಹುಟ್ಟಿದರೂ ಸಮಿತಿಗಳಲ್ಲಿ ಬಹುಪಾಲು ಕುಡಿಯುವ ನೀರು, ಊಟದ ಮನೆ, ಬೀಸಣಿಗೆ ಇವುಗಳ ಮಾತಿನಲ್ಲಿಯೇ ಸೊರಗಿದವು. ಸಮಿತಿಗೆ ಸಲಹೆ ಕೊಡುವ ಅಧಿಕಾರವಿತ್ತೇ ಹೊರತು ತೀರ್ಮಾನಿಸುವ ಅಧಿಕಾರವಿರಲಿಲ್ಲ. ಕೇಳಿ ಕೇಳಿ ಕೈಬಿಡುವ ಸಲಹೆಯನ್ನು ಎಷ್ಟು ದಿನ ತಾನೆ ಯಾರು ಕೊಟ್ಟಾರು?

ಕಣ್ಣೂರಿನ ಬೀಡಿ ಕೊಠಡಿಗಳಲ್ಲಿ ನಡೆದುದು ಬೇರೆ ದಾರಿ. ಇಲ್ಲಿ ಕಾಯಿದೆಗಿಂತ ಮೊದಲು ಅಭ್ಯಾಸ ಬಂತು.

ಬೀಡಿ ಕೆಲಸದ ಸ್ವರೂಪವನ್ನು ವಾಚಕರು ಸ್ವಲ್ಪ ನೆನಪಿಗೆ ತಂದುಕೊಳ್ಳಬೇಕು. ನೆನೆಸಿದ ಎಲೆಯನ್ನು ಅಳತೆಗೆ ಕತ್ತರಿಸುವುದು, ಮೊರದ ಮೇಲೆ ಹೊಗೆಸೊಪ್ಪಿನ ಪುಡಿಯನ್ನಿಟ್ಟುಕೊಂಡು ಎಲೆಯಲ್ಲಿ ತುಂಬಿ ಸುತ್ತುವುದು, ತುದಿ ಮಡಚಿ ನೂಲು ಕಟ್ಟುವುದು ಇಷ್ಟೇ ಕೆಲಸ. ಯಂತ್ರವಿಲ್ಲ, ಸದ್ದಿಲ್ಲ. ಕೈ ಮತ್ತು ಕಣ್ಣು ಕೆಲಸದಲ್ಲಿದ್ದರೂ ಕಿವಿ ಬಿಡುವಾಗಿಯೇ ಇರುತ್ತದೆ. ಈ ಬಿಡುವಾದ ಕಿವಿಯೇ ನಮ್ಮ ಕಥೆಯ ಮೂಲ. ಉತ್ತರ ಮಲಬಾರಿನ ಬೀಡಿ ಕೊಠಡಿಗಳಲ್ಲಿ, 1930ರ ದಶಕದಲ್ಲಿ ಕಾರ್ಮಿಕ ಸಂಘಟನೆ ಬೇರೂರುತ್ತಿದ್ದ ದಿನಗಳಿಂದ, ಒಬ್ಬ ಕೆಲಸಗಾರ ಗಟ್ಟಿಯಾಗಿ ವರ್ತಮಾನಪತ್ರಿಕೆ ಓದುವುದು, ಉಳಿದವರು ಕೇಳುತ್ತ ಬೀಡಿ ಕಟ್ಟುವುದು ಎಂಬ ವಾಡಿಕೆ ಬೆಳೆಯಿತು. ಓದುವವನಿಗೆ ಆ ಹೊತ್ತಿನ ಮಜೂರಿ ತಪ್ಪದಂತೆ ಉಳಿದವರು ತಮ್ಮ ತಮ್ಮ ಬೀಡಿಯಲ್ಲಿ ಒಂದು ಪಾಲನ್ನು ಅವನಿಗೆ ಕೊಡುತ್ತಿದ್ದರು. ಪತ್ರಿಕೆ ಮುಗಿದ ಮೇಲೆ ಕಾದಂಬರಿ, ಆ ಮೇಲೆ ವಾದ. ಒಬ್ಬನು ಹೇಳಿದುದನ್ನು ಮತ್ತೊಬ್ಬನು ಒಪ್ಪಬೇಕೆಂದಿಲ್ಲ. ಆದರೆ ಪೂರ್ತಿಯಾಗಿ ಕೇಳಬೇಕು, ಏಕೆಂದರೆ ಎದ್ದು ಹೋದರೆ ಮಜೂರಿ ನಷ್ಟ!

ಶಿಕ್ಷಕ ವೃತ್ತಿಯವರಾದ ನಮಗೆ ಇದು ಅತ್ಯಂತ ಕುತೂಹಲಕರವಾಗಿ ತೋರುತ್ತದೆ. ಅಕ್ಷರ ಬಾರದವನು ಅಕ್ಷರದ ಪ್ರಯೋಜನವನ್ನು ಪಡೆದ, ಸುತ್ತೋಲೆಯಿಲ್ಲದೆ ನಡೆದ ವಯಸ್ಕರ ಶಾಲೆ ಇದು. ದಿನವೂ ನಾಲ್ಕಾರು ಗಂಟೆ ದೇಶದ ವಿಷಯವನ್ನು ಕೇಳಿ ಚರ್ಚಿಸುವ ಜನರು ತಮ್ಮ ಕೊಠಡಿಯ ವಿಷಯವನ್ನು ಮಾತ್ರ ಮೇಸ್ತ್ರಿಗೆ ಬಿಟ್ಟು ಸುಮ್ಮನಿರುವುದು ಸಾಧ್ಯವಿಲ್ಲ. ಬೀಡಿ ಸರಿಯಿಲ್ಲವೆಂದು ಮೇಸ್ತ್ರಿ ತಳ್ಳಿಹಾಕಿದುದು ನ್ಯಾಯವೇ, ಎಲೆ ಕಡಿಮೆ ತೂಗಿದರೆ ನಷ್ಟ ಯಾರದು ಎಂಬ ಪ್ರಶ್ನೆಗಳು ತಾವಾಗಿಯೇ ಏಳುತ್ತವೆ.

ಇಲ್ಲಿ ಒಂದು ಉಪಕಥೆಯನ್ನು ಹೇಳಬೇಕಾಗಿದೆ. 1950ರ ದಶಕದಲ್ಲಿ ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚತೊಡಗಿತು. ಅಲ್ಲಿಯ ಪರಿಚಾರಕರೂ ಅಡುಗೆಯವರೂ ಬೀದಿಗೆ ಬೀಳುವ ಸ್ಥಿತಿಯೊದಗಿದಾಗ, ಅಂಗಡಿಗಳನ್ನು ನೀವೇ ಸಹಕಾರಿ ಸಂಘ ಕಟ್ಟಿ ನಡೆಸಿರಿ ಎಂದು ಧೈರ್ಯ ಕೊಟ್ಟು ಮುಂದೆ ನಿಂತವರು ಎ. ಕೆ. ಗೋಪಾಲನ್. ಇಂಥ ಸಂಘಗಳಲ್ಲಿ ಮೊದಲನೆಯದು 1957ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿಯೇ ಆರಂಭವಾಯಿತು. ಮರುವರ್ಷ ತ್ರಿಶೂರಿನಲ್ಲಿಯೂ ಸಂಘ ಹುಟ್ಟಿತು. ಗೋಪಾಲನ್ನರು 1957, 1962, 1967ರ ಮೂರು ಚುನಾವಣೆಗಳಲ್ಲಿ ನಮ್ಮ ಕಾಸರಗೋಡು ಕ್ಷೇತ್ರದಿಂದಲೇ ಲೋಕಸಭೆಗೆ ಹೋದವರು. ರಾಜಕೀಯಕ್ಕೆ ಇಳಿಯುವ ಮೊದಲು ಅವರು ಕೆಲವು ವರ್ಷ ಶಾಲಾ ಅಧ್ಯಾಪಕರಾಗಿದ್ದರೆಂಬುದನ್ನು ನಮ್ಮ ವೃತ್ತಿಬಾಂಧವರು ಅಭಿಮಾನದಿಂದ ನೆನೆಯಬಹುದು. ಅವರ ಪಕ್ಷವನ್ನು ಒಪ್ಪುವುದು ಬಿಡುವುದು ಬೇರೆ ಮಾತು. ಕೆಲಸ ಹೋದವನಿಗೆ ಇನ್ನೊಂದು ಕೆಲಸ ಹುಡುಕಿಕೊಡುವುದರ ಬದಲು ಕೆಲಸದ ಸ್ಥಳವನ್ನೇ ಅವನ ಕೈಗೆ ಕೊಡಬಹುದೆಂಬುದಕ್ಕೆ ಕಾಫಿ ಹೌಸು ಕಣ್ಣಿನ ಮುಂದಿನ ದೃಷ್ಟಾಂತವಾಯಿತು. ಹತ್ತು ವರ್ಷಗಳ ತರುವಾಯ ಇದು ಉಪಯೋಗಕ್ಕೆ ಬಂತು.

1966ರಲ್ಲಿ ಬೀಡಿ ಮತ್ತು ಸಿಗಾರ್ ಕೆಲಸಗಾರರ ಕಾಯಿದೆ ಪಾರ್ಲಿಮೆಂಟಿನಲ್ಲಿ ಅಂಗೀಕೃತವಾಯಿತು. ಕೆಲಸದ ಗಂಟೆ, ವಾರದ ರಜೆ, ವೇತನಸಹಿತ ರಜೆ, ಕೊಠಡಿಯ ಗಾಳಿ ಬೆಳಕು ಇವೆಲ್ಲಕ್ಕೂ ಅದು ನಿಯಮಗಳನ್ನು ವಿಧಿಸಿತು. ಆದರೆ ಜಾರಿಗೆ ತರುವುದು ರಾಜ್ಯ ಸರಕಾರಗಳ ಕೈಯಲ್ಲಿತ್ತು. ಇ. ಎಂ. ಎಸ್. ನಂಬೂದಿರಿಪ್ಪಾಡರ ಎರಡನೆಯ ಮಂತ್ರಿಮಂಡಲವು ಕೇರಳದಲ್ಲಿ ಅದನ್ನು ಜಾರಿಗೊಳಿಸಲು 1968ರಲ್ಲಿ ಮುಂದಾಯಿತು. ಆಗ ಕಾಸರಗೋಡು, ಹೊಸದುರ್ಗ ತಾಲೂಕುಗಳು ಕಣ್ಣೂರು ಜಿಲ್ಲೆಗೆ ಸೇರಿದ್ದವು. ನಮ್ಮದು ಪ್ರತ್ಯೇಕ ಜಿಲ್ಲೆಯಾದುದು 1984ರಲ್ಲಿ. ಜಿಲ್ಲೆಯ ಬೀಡಿ ಕೆಲಸದ ದೊಡ್ಡ ಪಾಲು ಮಂಗಳೂರಿನ ದೊಡ್ಡ ಕಂಪೆನಿಗಳ ಹಿಡಿತದಲ್ಲಿತ್ತು. ಕಾಯಿದೆಯ ಪ್ರಕಾರ ನಡೆದರೆ ವೆಚ್ಚ ಏರುತ್ತದೆ, ನೆರೆ ರಾಜ್ಯದಲ್ಲಿ ಅದು ಇನ್ನೂ ಜಾರಿಯಾಗಿಲ್ಲ ಎಂಬುದು ಕಂಪೆನಿಗಳ ಎಣಿಕೆ. ವ್ಯಾಪಾರದ ದೃಷ್ಟಿಯಿಂದ ನೋಡಿದರೆ ಅದು ಲೆಕ್ಕ ತಪ್ಪಿದ ಎಣಿಕೆಯೇನೂ ಅಲ್ಲ. 1968ರ ಅಕ್ಟೋಬರಿನಲ್ಲಿ ಕೊಠಡಿಗಳು ಮುಚ್ಚಿದವು. ಸುಮಾರು 12,000 ಮಂದಿ ಕೆಲಸ ಕಳೆದುಕೊಂಡರು. ಈ ಕಾಯಿದೆಯ ಸಿಂಧುತ್ವವನ್ನು ಪ್ರಶ್ನಿಸಿದ ಮೊಕದ್ದಮೆಗಳು ಸುಪ್ರೀಂ ಕೋರ್ಟಿಗೆ ಹೋಗಿ, 1974ರಲ್ಲಿ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. ಆದರೆ ಹಸಿದ ಹೊಟ್ಟೆ ಆರು ವರ್ಷ ಕಾಯುವುದಿಲ್ಲ.

ಕೆಲಸಗಾರರ ಸಂಘಗಳೂ ಸರಕಾರವೂ ಕೂಡಿ ಹುಡುಕಿದ ಉಪಾಯವೇ ಸಹಕಾರಿ ಸಂಘ. ಊರೂರುಗಳಲ್ಲಿ ಪ್ರಾಥಮಿಕ ಸಂಘಗಳು, ಅವುಗಳ ಮೇಲೆ ಕಣ್ಣೂರಿನಲ್ಲಿ ಒಂದು ಕೇಂದ್ರ ಸಂಘ ಎಂಬುದಾಗಿ ರಚನೆಯಾಯಿತು. ಪಾಲು ಹಣವನ್ನು ಕೊಡಲು ಕೆಲಸಗಾರರಲ್ಲಿ ಏನಿತ್ತು? ಅದರ ಹೆಚ್ಚಿನ ಅಂಶವನ್ನು ಸರಕಾರವು ಸಾಲವಾಗಿ ಒದಗಿಸಿತು. 1969ರ ಫೆಬ್ರವರಿಯಲ್ಲಿ ಕೆಲಸ ಆರಂಭವಾದಾಗ ಸುಮಾರು 3,000 ಮಂದಿಗೆ ಮಾತ್ರ ಸ್ಥಳ ದೊರೆಯಿತು. ಉಳಿದವರು ಕೆಲವು ವರ್ಷಗಳಲ್ಲಿ ಹಂತಹಂತವಾಗಿ ಬಂದು ಸೇರಿದರು. ಕೈಗಾರಿಕಾ ಇಲಾಖೆಯ ಅಧಿಕಾರಿಯಾಗಿದ್ದ ಜಿ. ಕೆ. ಪಣಿಕ್ಕರರು ಬಹುಕಾಲ ಕೇಂದ್ರ ಸಂಘದ ಅಧ್ಯಕ್ಷರಾಗಿದ್ದರು. 1990ರ ದಶಕದ ಮಧ್ಯದ ಹೊತ್ತಿಗೆ ಸಂಘದಲ್ಲಿ 30,000ಕ್ಕೂ ಹೆಚ್ಚು ಮಂದಿ ದುಡಿಯುತ್ತಿದ್ದರು. ಖಾಸಗಿ ಕಂಪೆನಿಗಳು ಯಾವ ಕಾಯಿದೆಯನ್ನು ಪಾಲಿಸಲಾರೆವೆಂದು ಬಿಟ್ಟುಹೋದವೋ ಅದೇ ಕಾಯಿದೆಯನ್ನು ಪಾಲಿಸಿ, ರಜೆಯ ಸಂಬಳ, ಬೋನಸ್, ಭವಿಷ್ಯನಿಧಿ, ಹೆರಿಗೆ ಭತ್ಯೆಗಳನ್ನೂ ಕೊಟ್ಟು, ಸಂಘವು ದಶಕಗಳ ಕಾಲ ವ್ಯಾಪಾರದಲ್ಲಿ ನಿಂತಿತೆಂಬುದು ಗಮನಿಸತಕ್ಕ ಮಾತು. ಈ ಸಂಘವನ್ನು ಕುರಿತು ಥಾಮಸ್ ಐಸಾಕ್, ರಿಚರ್ಡ್ ಫ್ರಾಂಕಿ, ಪ್ಯಾರೇಲಾಲ್ ರಾಘವನ್ ಎಂಬ ಮೂವರು ವಿದ್ವಾಂಸರು ಬರೆದ ಇಂಗ್ಲಿಷ್ ಗ್ರಂಥ 1998ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು.

ತೀರ್ಮಾನಗಳು ಹೇಗೆ ನಡೆಯುತ್ತಿದ್ದವು ಎಂಬುದು ಮುಖ್ಯ ಪ್ರಶ್ನೆ. ಪ್ರಾಥಮಿಕ ಸಂಘದ ಆಡಳಿತ ಮಂಡಲಿಯಲ್ಲಿ ಹೆಚ್ಚಿನವರು ಕೆಲಸಗಾರರ ಮತದಿಂದಲೇ ಆರಿಸಿ ಬಂದವರು. ಕೆಲವರು ಸರಕಾರದ ನಾಮಕರಣದಿಂದ ಬಂದವರು. ಪಾಲು ಎಷ್ಟಿದ್ದರೂ ಒಬ್ಬನಿಗೆ ಒಂದೇ ಮತ. ಕೆಲಸದ ಕೊಠಡಿಯ ಮಟ್ಟದಲ್ಲಿ ಕೆಲಸಗಾರರು ಆರಿಸಿದ ಸಮಿತಿಗಳಿದ್ದವು. ಶಿಸ್ತಿನ ತಕರಾರು, ಬೀಡಿಯ ಗುಣದ ತಕರಾರು, ಕೊಠಡಿಯ ಅನುಕೂಲತೆ ಇವು ಅಲ್ಲಿಯೇ ಮಾತಿಗೆ ಬರುತ್ತಿದ್ದವು. ಮೇಸ್ತ್ರಿಯೂ ಬೀಡಿ ಕಟ್ಟಿ ಬಂದವನೇ. ನಾಳೆ ಅದೇ ಚಾಪೆಯಲ್ಲಿ ಜತೆಗೆ ಕುಳಿತುಕೊಳ್ಳಬೇಕಾದವರ ಮೇಲೆ ಅವನು ದರ್ಪ ತೋರಿಸುವಂತಿರಲಿಲ್ಲ. ಹಾಗೆಂದು ಕೆಟ್ಟ ಬೀಡಿಯನ್ನು ಒಪ್ಪಿಕೊಳ್ಳುವಂತೆಯೂ ಇರಲಿಲ್ಲ, ಏಕೆಂದರೆ ಬೀಡಿ ಮಾರಾಟವಾಗದಿದ್ದರೆ ನಷ್ಟ ಎಲ್ಲರದು. ಪತ್ರಿಕೆಯ ಓದೂ ನಿಲ್ಲಲಿಲ್ಲ. ಖಾಸಗಿ ಮಾಲಿಕನ ಕೊಠಡಿಯಲ್ಲಿ ವಾದಕ್ಕೆ ಮಾತ್ರ ಎಡೆ ಕೊಟ್ಟಿದ್ದ ಆ ಓದು ಇಲ್ಲಿ ತೀರ್ಮಾನಕ್ಕೂ ಪೂರ್ವಪೀಠಿಕೆಯಾಯಿತು.

ನಾವು ಹೊಗಳುವುದಕ್ಕಾಗಿ ಹೊಗಳುವವರಲ್ಲ. ಈ ವ್ಯವಸ್ಥೆಯ ಕುಂದುಗಳೂ ಕಡಿಮೆಯಲ್ಲ. ಎಲೆ, ಹೊಗೆಸೊಪ್ಪುಗಳ ಖರೀದಿ, ಬೀಡಿಯ ಮಾರಾಟ, ಬೆಲೆ ನಿಷ್ಕರ್ಷೆ ಇವು ಕೇಂದ್ರ ಸಂಘದ ಕೈಯಲ್ಲಿದ್ದವು. ಊರಿನ ಕೊಠಡಿಯಲ್ಲಿ ಕುಳಿತವನ ಮಾತು ಕಣ್ಣೂರಿನ ಕಚೇರಿಯನ್ನು ತಲಪುವಾಗ ತೆಳ್ಳಗಾಗುತ್ತಿತ್ತು. ರಾಜಕೀಯ ಪಕ್ಷಗಳ ನೆರಳು ಸಂಘದ ಚುನಾವಣೆಗಳ ಮೇಲೆ ಯಾವಾಗಲೂ ಇತ್ತು. ಹೆಂಗಸರು ಕೊಠಡಿಗಳಲ್ಲಿ ಬಹುಸಂಖ್ಯೆಯಲ್ಲಿ ಬಂದು ಕುಳಿತ ಮೇಲೆಯೂ ಆಡಳಿತ ಮಂಡಲಿಗಳಲ್ಲಿ ಅವರು ವಿರಳವಾಗಿಯೇ ಉಳಿದರು. ಇವೆಲ್ಲಕ್ಕಿಂತ ಸೂಕ್ಷ್ಮವಾದ ತೊಡಕು ಇನ್ನೊಂದಿದೆ. ಕೆಲಸಗಾರನಾಗಿ ಅವನಿಗೆ ಮಜೂರಿ ಏರಬೇಕು. ಯಜಮಾನನಾಗಿ ವೆಚ್ಚ ಇಳಿಯಬೇಕು. ಒಂದೇ ತಲೆಯೊಳಗೆ ಎರಡು ಪಕ್ಷ! ಮಾಲಿಕನನ್ನು ಬೈದು ಮನೆಗೆ ಹೋಗುವ ಸುಖ ಅವನಿಗೆ ತಪ್ಪಿಹೋಯಿತು. ತೀರ್ಮಾನದಲ್ಲಿ ಪಾಲು ಬೇಕೆನ್ನುವವರು ಈ ಸುಖವನ್ನು ಬಿಟ್ಟುಕೊಡಲು ಸಿದ್ಧರಿರಬೇಕಾಗುತ್ತದೆಂದು ನಮ್ಮ ಅಭಿಪ್ರಾಯ. ಅಧ್ಯಾಪಕರ ಸಂಘಗಳಲ್ಲಿ ಬಹುದಿನ ಓಡಾಡಿದ ನಾವು ನಮ್ಮನ್ನೂ ಸೇರಿಸಿಯೇ ಈ ಮಾತನ್ನು ಹೇಳುತ್ತಿದ್ದೇವೆ.

ಸಂಘಕ್ಕೆ ನಿಜವಾದ ಪರೀಕ್ಷೆ ಬಂದುದು 1990ರ ದಶಕದಲ್ಲಿ. ಬೀಡಿ ಸೇದುವವರು ಕಡಿಮೆಯಾಗತೊಡಗಿದರು. 1999ರಲ್ಲಿ ಕೇರಳ ಹೈಕೋರ್ಟು ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ನಿಷೇಧಿಸಿ ತೀರ್ಪಿತ್ತಿತು. 2003ರಲ್ಲಿ ಕೇಂದ್ರದ ತಂಬಾಕು ನಿಯಂತ್ರಣ ಕಾಯಿದೆ ಬಂತು. ಜನರ ಆರೋಗ್ಯದ ದೃಷ್ಟಿಯಿಂದ ಇವೆರಡೂ ಸರಿಯಾದ ಹೆಜ್ಜೆಗಳೇ. ಆದರೆ ತಾನು ಮಾಡುವ ಪದಾರ್ಥವೇ ಲೋಕಕ್ಕೆ ಬೇಡವಾದಾಗ ಕೆಲಸಗಾರನು ಏನನ್ನು ತೀರ್ಮಾನಿಸಬೇಕು? ಖಾಸಗಿ ಯಜಮಾನನಿಗೆ 1968ರಲ್ಲಿ ಮಾಡಿದಂತೆ ಬಾಗಿಲು ಹಾಕಿಕೊಂಡು ಬೇರೆಡೆಗೆ ಹೋಗುವ ದಾರಿಯಿದೆ. ತನ್ನ ಊರಿನಲ್ಲಿ, ತನ್ನ ಮನೆಯ ಪಕ್ಕದಲ್ಲಿ ಯಜಮಾನನಾದವನಿಗೆ ಆ ದಾರಿಯಿಲ್ಲ. ಸಂಘವು ಬೇರೆ ಪದಾರ್ಥಗಳಿಗೆ ಕೈಹಾಕಿತು. ಮಸಾಲೆಪುಡಿ, ಉಪ್ಪಿನಕಾಯಿ, ತೆಂಗಿನ ಹಾಲು, ಕೊಡೆ, ಸಿದ್ಧ ಉಡುಪು, ಕೊನೆಗೆ ಕಂಪ್ಯೂಟರಿನ ಕೆಲಸ ಕೂಡ ದಿನೇಶ್ ಎಂಬ ಹೆಸರಿನಲ್ಲಿ ಹೊರಬಂದವು. ಬೀಡಿಯಲ್ಲಿ ದುಡಿದವರೆಲ್ಲರಿಗೂ ಇವು ಕೆಲಸ ಕೊಡಲಿಲ್ಲ, ಕೊಡಲು ಸಾಧ್ಯವೂ ಇರಲಿಲ್ಲ. ನಿವೃತ್ತರಾದವರ ಸ್ಥಳಗಳು ಖಾಲಿಯೇ ಉಳಿದವು. ಕೊಠಡಿಗಳು ಒಂದೊಂದಾಗಿ ಬರಿದಾದವು. ಆದರೂ ಒಂದು ದಿನ ಬೆಳಿಗ್ಗೆ ಬಂದು ಬೀಗ ಕಾಣುವ ಗತಿ ಅವರಿಗೆ ಎರಡನೆಯ ಬಾರಿ ಬರಲಿಲ್ಲ.

ಈಗ ಬಡಗಿನ ಕಡೆಗೆ ಕಣ್ಣು ಹಾಯಿಸೋಣ. ಮಂಗಳೂರು ಸೀಮೆಯಲ್ಲಿ ಬೀಡಿ ಕೆಲಸ ಕೊಠಡಿಯನ್ನು ಬಿಟ್ಟು ಮನೆಗೆ ಹೋಯಿತು. ಕಂಪೆನಿಯ ಕಂತ್ರಾಟುದಾರನು ಬ್ರಾಂಚಿನಲ್ಲಿ ಎಲೆ, ಹೊಗೆಸೊಪ್ಪು, ನೂಲು ಕೊಡುತ್ತಾನೆ. ಹೆಂಗಸರು ಮನೆಯ ಜಗಲಿಯಲ್ಲಿ ಬೀಡಿ ಕಟ್ಟಿ ಬ್ರಾಂಚಿಗೆ ಒಪ್ಪಿಸುತ್ತಾರೆ. ಮನೆಯಲ್ಲಿ ದುಡಿಯುವವರಿಗೂ 1966ರ ಕಾಯಿದೆ ಅನ್ವಯಿಸುತ್ತಿತ್ತು, ಭವಿಷ್ಯನಿಧಿಯೂ ಉಂಟು. ಈ ದುಡಿಮೆಯಿಂದ ಮಕ್ಕಳನ್ನು ಓದಿಸಿದ, ಮನೆ ಕಟ್ಟಿಸಿದ ತಾಯಂದಿರನ್ನು ನಾವು ಕಂಡಿದ್ದೇವೆ. ಇಲ್ಲದಿರುವುದು ಒಂದೇ: ಹತ್ತು ಮಂದಿ ಒಟ್ಟಿಗೆ ಕುಳಿತುಕೊಳ್ಳುವ ಕೊಠಡಿ. ಜಗಲಿಯಲ್ಲಿ ಒಬ್ಬಳೇ ಕುಳಿತವಳ ಕಿವಿಯೂ ಬಿಡುವಾಗಿಯೇ ಇದೆ, ಆದರೆ ಅಲ್ಲಿ ಓದುವವರಿಲ್ಲ, ಎದುರು ವಾದಿಸುವವರಿಲ್ಲ. ಬ್ರಾಂಚಿನಲ್ಲಿ ಬೀಡಿ ತಳ್ಳಿಹಾಕಿದರೆ ಅವಳು ಒಬ್ಬಳೇ ಮಾತಾಡಬೇಕು, ಇಲ್ಲವೆ ಒಬ್ಬಳೇ ಸುಮ್ಮನಿರಬೇಕು. ತೆಂಕಿನವರೂ ಬಡಗಿನವರೂ ಕಟ್ಟುವ ಬೀಡಿ ಒಂದೇ. ಕೈಯ ಚಳಕವೂ ಒಂದೇ. ತೀರ್ಮಾನದ ವಿಷಯದಲ್ಲಿ ಇಷ್ಟು ಅಂತರ ಬಂದುದಕ್ಕೆ ಕಾನೂನಿಗಿಂತ ಹೆಚ್ಚಾಗಿ ಈ ಕೊಠಡಿಯೇ ಕಾರಣವೆಂದು ನಾವು ತಿಳಿದಿದ್ದೇವೆ.

ಇಷ್ಟನ್ನು ಬರೆದ ಮೇಲೆ ನಮ್ಮ ಮನೆಯ ಮಾತನ್ನು ಬಚ್ಚಿಡುವುದು ನ್ಯಾಯವಲ್ಲ. ಮುಖ್ಯೋಪಾಧ್ಯಾಯರ ಕುರ್ಚಿಯಲ್ಲಿ ಕುಳಿತ ಮೊದಲ ಎರಡು ವರ್ಷ ನಾವು ಅಧ್ಯಾಪಕರ ಸಭೆ ಕರೆಯುತ್ತಿದ್ದ ಕ್ರಮ ಹೀಗಿತ್ತು: ಹಿಂದಿನ ರಾತ್ರಿ ಮನೆಯಲ್ಲಿಯೇ ನಿರ್ಣಯಗಳನ್ನು ಬರೆದುಕೊಂಡು ಬರುವುದು, ಸಭೆಯಲ್ಲಿ ಓದುವುದು, ಪುಸ್ತಕವನ್ನು ಸಹಿಗೆ ಕಳುಹಿಸುವುದು. ಹನ್ನೆರಡು ನಿಮಿಷದಲ್ಲಿ ಸಭೆ ಮುಗಿಯುತ್ತಿತ್ತು. ಇದನ್ನು ನಮ್ಮ ದಕ್ಷತೆಯೆಂದು ತಿಳಿದಿದ್ದೆವು. ಒಂದು ಮಳೆಗಾಲ ವೇಳಾಪಟ್ಟಿಯನ್ನು ನಾವೊಬ್ಬರೇ ಬದಲಾಯಿಸಿ, ಮಧ್ಯಾಹ್ನದ ಊಟದ ಹೊತ್ತನ್ನು ಅರ್ಧ ಗಂಟೆ ಹಿಂದಕ್ಕೆ ತಂದೆವು. ಮೊದಲ ದಿನವೇ ಅನ್ನ ಬೇಯುವ ಮೊದಲು ಗಂಟೆ ಬಾರಿಸಿತು. ಮುನ್ನೂರು ಮಕ್ಕಳು ತಟ್ಟೆ ಹಿಡಿದು ನಿಂತರು. ಅಡುಗೆಯ ಅಕ್ಕನಿಗೆ ಸಂಗತಿಯೇ ಗೊತ್ತಿರಲಿಲ್ಲ. ‘ಯಾಕೆ ಅಕ್ಕ, ತಡವಾದೀತೆಂದು ಮೊದಲೇ ಹೇಳಬಾರದಿತ್ತೇ?’ ಎಂದು ಕೇಳಿದೆವು. ‘ನನ್ನಲ್ಲಿ ಯಾರು ಕೇಳಿದ್ದು ಮಾಷ್ಟ್ರೇ?’ ಎಂದರು. ಸಹಿ ಹಾಕಿದ ಹದಿನಾಲ್ಕು ಮಂದಿ ಅಧ್ಯಾಪಕರಲ್ಲಿ ನಾಲ್ವರಿಗೆ ಈ ತೊಡಕು ಹೊಳೆದಿತ್ತಂತೆ. ನಿರ್ಣಯ ಮೊದಲೇ ಬರೆದು ಬಂದಿದ್ದುದರಿಂದ ಹೇಳಲಿಲ್ಲವಂತೆ.

ಆ ಮೇಲೆ ನಿರ್ಣಯದ ಪುಟವನ್ನು ಖಾಲಿಯಾಗಿಯೇ ಸಭೆಗೆ ಒಯ್ಯುವ ರೂಢಿ ಮಾಡಿಕೊಂಡೆವು. ಸಭೆ ಈಗ ಒಂದೂವರೆ ಗಂಟೆ ಹಿಡಿಯುತ್ತದೆ. ಕೆಲವು ದಿನ ತಲೆನೋವೂ ಬರುತ್ತದೆ. ಗಡಿಶಾಲೆಗಳಲ್ಲಿ ಇನ್ನೊಂದು ಕಷ್ಟವಿದೆ. ಮೇಲಿನಿಂದ ಬರುವ ಸುತ್ತೋಲೆ ಮಲಯಾಳದಲ್ಲಿರುತ್ತದೆ; ಕನ್ನಡದಲ್ಲಿಯೇ ಓದಿ ಬಂದ ಅಧ್ಯಾಪಕರಲ್ಲಿ ಕೆಲವರಿಗೆ ಅದರ ತಾತ್ಪರ್ಯ ಸಿಗುತ್ತದೆ, ಸೂಕ್ಷ್ಮ ಸಿಗುವುದಿಲ್ಲ. ಅರ್ಥವಾಗದ ಕಾಗದದ ಮೇಲೆ ಅಭಿಪ್ರಾಯ ಹೇಳೆಂದರೆ ಏನು ಹೇಳುವುದು? ಆದುದರಿಂದ ಬೀಡಿ ಕೊಠಡಿಯ ವಾಡಿಕೆಯನ್ನೇ ಎರವಲು ತಂದು, ಎರಡೂ ಭಾಷೆ ಬಲ್ಲ ಒಬ್ಬರು ಸುತ್ತೋಲೆಯನ್ನು ಕನ್ನಡದಲ್ಲಿ ಗಟ್ಟಿಯಾಗಿ ಹೇಳುವುದು, ಅವರ ಒಂದು ಪಿರಿಯಡನ್ನು ಇನ್ನೊಬ್ಬರು ತೆಗೆದುಕೊಳ್ಳುವುದು ಎಂದು ಏರ್ಪಾಡು ಮಾಡಿದ್ದೇವೆ.

ರಕ್ಷಕರ ಸಭೆಗೆ ಬೀಡಿ ಕಟ್ಟುವ ತಾಯಂದಿರು ಬರುವುದಿಲ್ಲವೆಂಬ ದೂರು ನಮ್ಮಲ್ಲಿ ಬಹುಕಾಲದಿಂದ ಇತ್ತು. ಕಳೆದ ವರ್ಷ ಅವರನ್ನೇ ಕೇಳಿದೆವು. ಅಪರಾಹ್ನ ಶಾಲೆಗೆ ಬಂದರೆ ಆ ದಿನದ ಲೆಕ್ಕ ತಪ್ಪುತ್ತದೆ, ಬೀಡಿ ಒಪ್ಪಿಸಲು ಹೇಗೂ ಬ್ರಾಂಚಿಗೆ ಬರುತ್ತೇವೆ, ನೀವೇ ಅಲ್ಲಿಗೆ ಬನ್ನಿ ಎಂದರು. ಈ ವರ್ಷದ ಸಭೆಯನ್ನು ಬ್ರಾಂಚಿನ ಜಗಲಿಯಲ್ಲಿಯೇ ನಡೆಸಿದೆವು. ಮೂವತ್ತೆಂಟು ಮಂದಿ ಕುಳಿತಿದ್ದರು, ಹೆಚ್ಚಿನವರ ಮಡಿಲಲ್ಲಿ ಬುಟ್ಟಿ. ನಾವು ತಂದ ವಿಷಯಗಳು ಮುಗಿದ ಮೇಲೆ ಅವರೊಂದು ವಿಷಯ ತೆಗೆದರು: ಸಂಜೆಯ ವಿಶೇಷ ತರಗತಿಯಿಂದ ಹೆಣ್ಣುಮಕ್ಕಳು ಕಡೆಯ ಬಸ್ಸಿಗೆ ತಲಪುವುದಿಲ್ಲ, ಅದನ್ನು ಬೆಳಿಗ್ಗೆಗೆ ಹಾಕಬೇಕು. ಅಧ್ಯಾಪಕರಲ್ಲಿ ದೂರದ ಊರಿನಿಂದ ಬರುವವರಿಗೆ ಅದು ಕಷ್ಟ. ಮುಂದಿನ ತಿಂಗಳ ಮೊದಲ ಶನಿವಾರ ಪುನಃ ಅದೇ ಜಗಲಿಯಲ್ಲಿ ಸೇರುವುದೆಂದು ಗೊತ್ತುಮಾಡಿ ಎದ್ದೆವು.